ಅತ್ತೆಯ ಮಂಡಿಗೆ ಆರು ಡಿಗ್ರಿ

ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಉನ್ನತ ಕೋನದ ಲೆಕ್ಕಗಳೆಲ್ಲ ಶುರುವಾಗುವುದು ಒಂದೇ ರೀತಿ. ಸಮತಟ್ಟಾದ ನೆಲದ ಮೇಲೆ ಒಂದು ಗೋಪುರ ನೇರವಾಗಿ ನಿಂತಿರುತ್ತದೆ. ಅದರ ಬುಡದಿಂದ ಇಷ್ಟು ದೂರದಲ್ಲಿ ಒಬ್ಬ ವ್ಯಕ್ತಿ ನಿಂತು ತುದಿಯನ್ನು ನೋಡುತ್ತಿರುತ್ತಾನೆ. ಆ ವ್ಯಕ್ತಿಗೆ ಮಾಡಲು ಬೇರೆ ಕೆಲಸವೇ ಇರುವುದಿಲ್ಲ. ನಾನು ಕಳಸದ ಕಡೆಯ ಒಂದು ಹೈಸ್ಕೂಲಿನಲ್ಲಿ ಈ ಪಾಠ ಮಾಡಲು ಶುರುಮಾಡಿ ಬಹಳ ವರ್ಷಗಳಾದವು. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಸಮತಟ್ಟಾದ ನೆಲ ಎಲ್ಲಿರ್ತದೆ?"

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಶಾಲೆಯ ಮೈದಾನದ ನಡುವೆ ಚೆಂಡನ್ನು ಇಟ್ಟು ಕೈಬಿಟ್ಟರೆ ಅದು ತಾನಾಗಿ ಗೇಟಿನ ಕಡೆಗೆ ಹೊರಡುತ್ತದೆ. ಆದರೂ ನಾನು ಒಂದು ದಿನವೂ ಸಮಾಧಾನದಿಂದ ಉತ್ತರ ಕೊಟ್ಟವಳಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ಪ್ರಶ್ನೆಪತ್ರಿಕೆಲಿರ್ತದೆ, ಬರ್ಕೊ" ಎಂದು ಗದರುತ್ತೇನೆ. ಗದರಿದ ಮೇಲೆ ಪಾಪ ಅನ್ನಿಸಿ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗುತ್ತೇನೆ. ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಜ್ಯೂಸ್ ಕುಡಿಯುವ ಸ್ಟ್ರಾ ಅಂಟಿಸಿ, ನಡುವಿನ ತೂತಿನಿಂದ ದಾರ ಇಳಿಬಿಟ್ಟು, ದಾರದ ತುದಿಗೆ ಸೈಕಲ್ಲಿನ ನಟ್ಟು ಕಟ್ಟಿದರೆ ನಮ್ಮ ಯಂತ್ರ ತಯಾರು. ಸ್ಟ್ರಾದೊಳಗಿಂದ ಸಿಲ್ವರ್ ಓಕ್ ಮರದ ತುದಿಯನ್ನು ನೋಡಬೇಕು. ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದ ಕಣ್ಣು ತುದಿ ಕಾಣಲು ಎಷ್ಟು ಮೇಲಕ್ಕೆ ಏಳಬೇಕಾಯಿತೋ ಅದೇ ಉನ್ನತ ಕೋನ. ಅದೆಷ್ಟೆಂದು ದಾರ ತೋರಿಸುತ್ತದೆ. ಮಕ್ಕಳಿಗೆ ಇದು ಆಟ. ನನಗೂ ಆಟವೇ ಆಗಿತ್ತು, ಆ ಸಾಮಾನನ್ನು ಮನೆಗೆ ತಂದು ನಮ್ಮ ಅತ್ತೆಯ ಹೊಟ್ಟೆ ಉರಿಸುವವರೆಗೆ.

ನಮ್ಮದು ಸಣ್ಣ ತೋಟ. ಗಂಡ ತೋಟ ನೋಡಿಕೊಳ್ಳುತ್ತಾರೆ, ನಾನು ಶಾಲೆಗೆ ಹೋಗುತ್ತೇನೆ, ಕಣ ಮಾತ್ರ ಅತ್ತೆಯದು. ಕೊಯ್ದ ಕಾಫಿ ಹಣ್ಣನ್ನು ಹರಡಿ ಒಣಗಿಸುವ ಅಂಗಳಕ್ಕೆ ನಾವು ಕಣ ಅನ್ನುತ್ತೇವೆ. ಕುಯ್ಲು ಶುರುವಾಯಿತೆಂದರೆ ಅತ್ತೆ ಬೆಳಗಿನ ತಿಂಡಿ ಮುಗಿಸಿ ಕಣಕ್ಕೆ ಇಳಿದವರು ಬಿಸಿಲು ಹೋಗುವವರೆಗೆ ಒಳಗೆ ಬರುತ್ತಿರಲಿಲ್ಲ. ಪಾದವನ್ನು ಹಣ್ಣಿನೊಳಗೆ ಎಳೆಯುತ್ತಾ ಉದ್ದುದ್ದ ಸಾಲು ಹೊಡೆದು ಕಾಫಿ ತಿರುವುವುದು, ಕೋಳಿ ಓಡಿಸುವುದು, ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಕುಲುಕಿ ಒಣಗಿದ ಗಲಗಲ ಸದ್ದು ಬಂತೋ ಇಲ್ಲವೋ ನೋಡುವುದು, ಹೋಗುವವರು ಬರುವವರನ್ನೆಲ್ಲ ಕರೆದು ಮಾತಾಡಿಸುವುದು. ಊರಿನ ಅರ್ಧ ಸುದ್ದಿ ನಮ್ಮ ಮನೆಗೆ ಬರುತ್ತಿದ್ದುದು ಕಣದ ಮೂಲಕವೇ. ಮಂಡಿನೋವು ಶುರುವಾದ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೇ ಹೊರತು ಕಣ ಬಿಡಲಿಲ್ಲ.

ಆ ಕಣ ಮನೆಯ ಮುಂದೆ ಇತ್ತು. ರಸ್ತೆ ಅಗಲ ಮಾಡುವಾಗ ಅದರ ಮುಕ್ಕಾಲು ಭಾಗ ಹೋಯಿತು. ಆ ವರ್ಷದ ಕಾಫಿಯನ್ನು ನನ್ನ ಗಂಡ ಪಕ್ಕದ ಊರಿನ ನೆಂಟರ ಕಣದಲ್ಲಿ ಒಣಗಿಸಿದರು. ಅತ್ತೆ ಮನೆಯಲ್ಲಿ ಕೂತರು. ಟೀವಿ ಹಾಕಿಕೊಟ್ಟೆ, ನೋಡಲಿಲ್ಲ. ಹಪ್ಪಳ ಮಾಡೋಣವೆಂದೆ, "ಯಾರು ತಿಂತಾರೆ" ಅಂದರು. ನನ್ನ ಅಡುಗೆಯಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟರು. ಉಪ್ಪಿಲ್ಲದ ಸಾರನ್ನು ಸುಮ್ಮನೆ ಉಂಡು ಎದ್ದ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಹಾಗಾಗಿ ಮುಂದಿನ ಏಪ್ರಿಲ್‌ನಲ್ಲಿ ಹೊಸ ಕಣ ಮಾಡುವ ಮಾತು ಬಂದಾಗ ಮನೆಯಲ್ಲಿ ಹಬ್ಬದ ಕಳೆ ಬಂತು. ಜಾಗ ನೋಡಿದ್ದೂ ಆಯಿತು. ಅಡುಗೆಮನೆಯ ಹಿಂದೆ ಹಳೆಯ ಕೊಟ್ಟಿಗೆ ಇತ್ತು. ದನ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಮಾಡು ಕುಸಿಯುತ್ತಿತ್ತು. ಅದನ್ನು ಕೆಡವಿದರೆ ಒಳ್ಳೆಯ ಅಗಲದ ಜಾಗ, ಅಡುಗೆಮನೆಯ ಬಾಗಿಲಿನಿಂದ ಎರಡೇ ಮೆಟ್ಟಿಲು. ಕೆಡವಿದರು. ಏಪ್ರಿಲ್ ಬಿಸಿಲು ಬೆಳಗಿನಿಂದ ಸಂಜೆಯವರೆಗೆ ಧಾರಾಳವಾಗಿ ಆ ನೆಲದ ಮೇಲೆ ಬಿತ್ತು. ಗಂಡ ಗೂಟ ಹೊಡೆದು ಹಗ್ಗ ಕಟ್ಟಿದರು. ಅತ್ತೆ ಆಗಲೇ ಕುರ್ಚಿ ತರಿಸಿ ಬಾಗಿಲ ಪಕ್ಕ ಹಾಕಿಸಿಕೊಂಡು, ಸಿಮೆಂಟ್ ಬೀಳುವ ಮೊದಲೇ ಕಣ ಕಾಯತೊಡಗಿದರು.

ನನಗೆ ಬೇಸಿಗೆ ರಜೆ. ಕೈಯಲ್ಲಿ ಕೆಲಸವಿಲ್ಲದ ಮೇಷ್ಟ್ರಿಗಿಂತ ಅಪಾಯಕಾರಿಯಾದ ಪ್ರಾಣಿ ಇನ್ನೊಂದಿಲ್ಲ. ನನ್ನ ಸ್ಟ್ರಾ ಮತ್ತು ನಟ್ಟು ತೆಗೆದುಕೊಂಡು ಹಗ್ಗದ ನಡುವೆ ನಿಂತು, ಸುಮ್ಮನೆ, ಕಣ್ಣಿಗೆ ಕಂಡದ್ದನ್ನೆಲ್ಲ ಅಳೆಯತೊಡಗಿದೆ. ತೆಂಗಿನ ಮರ ಅಳೆದೆ. ನೀರಿನ ಟ್ಯಾಂಕ್ ಅಳೆದೆ. ದಕ್ಷಿಣಕ್ಕೆ, ಹಳ್ಳದಾಚೆ, ಬೇರೆಯವರ ತೋಟದ ಗುಡ್ಡ ಎದ್ದು ನಿಂತಿದೆ. ಅದರ ನೆತ್ತಿಯ ಉದ್ದಕ್ಕೂ ಸಿಲ್ವರ್ ಓಕ್ ಸಾಲು. ಅದರ ತುದಿ ಅಳೆದೆ. ನಲವತ್ತು ಡಿಗ್ರಿ. ಎಡಕ್ಕೆ ತಿರುಗಿ ಅಳೆದರೂ ನಲವತ್ತು, ಬಲಕ್ಕೆ ಅಳೆದರೂ ಅದರ ಆಸುಪಾಸು.

ಆಗ ನನಗೆ ಹೊಳೆಯಿತು, ಏಪ್ರಿಲ್‌ನಲ್ಲಿ ಸೂರ್ಯ ನಡುನೆತ್ತಿಯ ಮೇಲೆ ಹಾದುಹೋಗುತ್ತಾನೆ. ಗುಡ್ಡಕ್ಕೂ ಅವನಿಗೂ ಸಂಬಂಧವಿಲ್ಲ. ಆದರೆ ಕಾಫಿ ಒಣಗುವುದು ಏಪ್ರಿಲ್‌ನಲ್ಲಲ್ಲ, ಡಿಸೆಂಬರ್ ಜನವರಿಯಲ್ಲಿ. ಆಗ ಅವನು ದಕ್ಷಿಣಕ್ಕೆ ವಾಲಿರುತ್ತಾನೆ, ಇದೇ ಗುಡ್ಡದ ಮೇಲಿನಿಂದಲೇ ಬರಬೇಕು. ನಮ್ಮ ಕಡೆ ಡಿಸೆಂಬರಿನ ಕೊನೆಗೆ ನಡುಮಧ್ಯಾಹ್ನವೂ ಅವನು ಐವತ್ತಮೂರು ಐವತ್ತನಾಲ್ಕು ಡಿಗ್ರಿಗಿಂತ ಮೇಲೇರುವುದಿಲ್ಲ. ನಲವತ್ತು ದಾಟಬೇಕಾದರೆ ಗಂಟೆ ಹತ್ತು ಹೊಡೆದಿರಬೇಕು, ಮೂರು ಹೊಡೆಯುವ ಮೊದಲೇ ಮತ್ತೆ ಕೆಳಗೆ. ಫೋನಿನಲ್ಲೂ ತೆಗೆದು ನೋಡಿದೆ, ಅದೂ ಹಾಗೇ ಹೇಳಿತು. ಬೆಳಿಗ್ಗೆ ಮಂಜಿನ ತೇವ, ಸಂಜೆ ಬೇಗ ನೆರಳು, ನಡುವೆ ನಾಲ್ಕೂವರೆ ಗಂಟೆಯ ಬಿಸಿಲು. ಕಾಫಿ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ಇಷ್ಟು ವರ್ಷ ಅಲ್ಲೇ ಇದ್ದವರಿಗೆ ಇದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಕೊಟ್ಟಿಗೆಯ ಮಾಡಿನ ಮೇಲೆ ಯಾವ ತಿಂಗಳು ಎಷ್ಟು ಬಿಸಿಲು ಬೀಳುತ್ತದೆಂದು ಯಾರು ನೋಡುತ್ತಾರೆ? ಕಣ ಕಟ್ಟಲು ಪುರುಸೊತ್ತು ಸಿಗುವುದು ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಕಾಯುವ ಏಪ್ರಿಲ್‌ನಲ್ಲೇ. ಬೇಸಿಗೆಯ ಬಿಸಿಲು ನೋಡಿ ಚಳಿಗಾಲದ ಕಣ ಕಟ್ಟುವ ತಪ್ಪು ಕಾಫಿಯವರಿಗೆ ಮಾತ್ರ ಬರುವಂಥದ್ದು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಗಂಡ ಮೊದಲು ನಕ್ಕರು, ಆಮೇಲೆ ಎದ್ದು ಹೋಗಿ ಸ್ಟ್ರಾದಲ್ಲಿ ತಾವೇ ನೋಡಿದರು, ಆಮೇಲೆ ನಗಲಿಲ್ಲ.

"ಆ ಮರಗಳನ್ನ ಗಸಿ ಮಾಡ್ಸಿ ಅಂತ ಅವರಿಗೆ ಕೇಳಿದ್ರೆ?" ಅಂದರು. ನೆರಳು ಜಾಸ್ತಿಯಾದಾಗ ಕೊಂಬೆ ಕಡಿಸುವುದಕ್ಕೆ ನಮ್ಮಲ್ಲಿ ಮರಗಸಿ ಅನ್ನುತ್ತಾರೆ.

"ಮರ ತೆಗೆದ್ರೂ ಗುಡ್ಡ ಇದ್ಯಲ್ರೀ. ಗುಡ್ಡಕ್ಕೆ ಮರಗಸಿ ಮಾಡ್ಸೋಕಾಗ್ತದಾ?"

"ಹಂಗಾದ್ರೆ ಮೇಲಿನ ತಟ್ಟೇ ಸರಿ."

ಮೇಲಿನ ತಟ್ಟು ಎಂದರೆ ಮನೆಯ ಉತ್ತರಕ್ಕೆ, ದಿಬ್ಬದ ಮೇಲೆ ಇರುವ ಒಂದು ಬಯಲು ತುಂಡು. ಅಲ್ಲಿಂದ ಆ ಗುಡ್ಡ ತುಂಬ ಕೆಳಗೆ ಕಾಣುತ್ತದೆ, ಬಿಸಿಲಿಗೆ ಬರವಿಲ್ಲ. ತೋಟದ ಆಚೆ ಕಡೆಯಿಂದ ಸುತ್ತಿಕೊಂಡು ಜೀಪು ಹೋಗುತ್ತದೆ. ಮನೆಯಿಂದ ಹತ್ತುವುದಾದರೆ ಮಣ್ಣಿನಲ್ಲಿ ಕಡಿದ ಮೆಟ್ಟಿಲಿನ ನೆಟ್ಟಗಿನ ದಾರಿ, ಆಳುಗಳೂ ಏದುಸಿರು ಬಿಡುವಂಥದ್ದು. ಮಂಡಿನೋವು ಬಂದಲ್ಲಿಂದ ಅತ್ತೆ ಅತ್ತ ತಲೆ ಹಾಕಿರಲಿಲ್ಲ.

ಇಬ್ಬರಿಗೂ ಆಗ ಅತ್ತೆಯ ನೆನಪಾಯಿತು. ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಮಜ್ಜಿಗೆ ಅನ್ನ ಕಲಸುತ್ತಿದ್ದರು.

"ಅಮ್ಮ, ನಿಮ್ಮನ್ನ ದಿನಾ ಜೀಪಲ್ಲಿ ಕರ್ಕೊಂಡು ಹೋಗ್ತೀನಿ" ಅಂದರು ಗಂಡ.

"ನಾನೇನು ಗೊಬ್ಬರದ ಮೂಟೆನಾ, ಹೇರಿಕೊಂಡು ಹೋಗಿ ಇಳಿಸಿ ಬರೋಕೆ?" ಎಂದ ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು. ನನ್ನ ಕಡೆ ನೋಡಲಿಲ್ಲ. "ಒಂದು ಮಾತು ಹೇಳ್ತೇನೆ ಮಾರಾಯ್ತಿ. ನಿನ್ನ ಲೆಕ್ಕ ಶಾಲೆಯಲ್ಲೇ ಇದ್ದಿದ್ರೆ ಚೆನ್ನಾಗಿತ್ತು."

ಸಂಜೆ ನೋಡಿದರೆ ಬಾಗಿಲ ಪಕ್ಕದ ಕುರ್ಚಿ ಇರಲಿಲ್ಲ. ಅವರೇ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಅಕ್ಕಿ ಮೂಟೆಯ ಪಕ್ಕ ಇಟ್ಟಿದ್ದರು.

ಅತ್ತೆಗೂ ನನಗೂ ಎಂದೂ ಸಕ್ಕರೆ ಹಾಲಿನಂಥ ಸಂಬಂಧ ಇರಲಿಲ್ಲ. ಅವರ ಮಾತು ಖಾರ, ನನ್ನದು ಅದಕ್ಕಿಂತ ಖಾರ, ನಡುವೆ ಗಂಡ ನೀರು ಕುಡಿಯುತ್ತಾ ಇರುತ್ತಾರೆ. ಆದರೂ ಅಕ್ಕಿ ಮೂಟೆಯ ಪಕ್ಕದ ಆ ಕುರ್ಚಿ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಅಳೆದೆ. ನನ್ನ ಲೆಕ್ಕ ತಪ್ಪಿರಲಿ ದೇವರೇ ಎಂದು ಬೇಡಿಕೊಂಡ ಗಣಿತದ ಮೇಡಂ ನಾನೊಬ್ಬಳೇ ಇರಬೇಕು. ದಾರ ಬದಲಾಯಿಸಿ ನೋಡಿದೆ, ಕೂತು ನೋಡಿದೆ, ಮೂಲೆಗೆ ಹೋಗಿ ನೋಡಿದೆ. ಗುಡ್ಡ ಒಂದು ಡಿಗ್ರಿಯೂ ತಗ್ಗಲಿಲ್ಲ.

ಅಲ್ಲೇ ಕಲ್ಲಿನ ಮೇಲೆ ಕೂತಿದ್ದಾಗ ಅತ್ತೆ ಹಾಲಿನ ಪಾತ್ರೆ ಹಿಡಿದುಕೊಂಡು ಗೇಟಿನ ಕಡೆಯಿಂದ ಬರುತ್ತಿರುವುದು ಕಂಡಿತು. ಹಾಲಿನವನು ಗೇಟಿನ ಹತ್ತಿರ ಕೊಟ್ಟು ಹೋಗುತ್ತಾನೆ, ತರುವ ಕೆಲಸ ಅವರದು. ಗೇಟು ಮನೆಯಿಂದ ತುಸು ದೂರ, ರಸ್ತೆಯ ಕೆಳಗಿನ ತಿರುವಿನಲ್ಲಿದೆ, ಅಲ್ಲಿಂದ ಮನೆಗೆ ರಸ್ತೆಯ ಪಕ್ಕದಲ್ಲೇ ಬರುವುದೂ ಏರು ದಾರಿಯೇ. ಅವರು ಎಲ್ಲೂ ನಿಲ್ಲದೆ, ಸೊಂಟಕ್ಕೆ ಕೈ ಕೊಡದೆ, ದಾಸವಾಳದ ಗಿಡಕ್ಕೆ ಬೈಯುತ್ತಾ ಹತ್ತಿ ಬಂದರು. ನಾನು ಎದ್ದು ನಿಂತೆ. ಮಂಡಿಗೆ ಏರು ಎಂದರೆ ಬೇನೆಯಲ್ಲ, ಇಂತಿಷ್ಟು ಡಿಗ್ರಿಗಿಂತ ಜಾಸ್ತಿ ಏರು ಎಂದರೆ ಬೇನೆ. ಆ ಡಿಗ್ರಿ ಎಷ್ಟು?

ಅತ್ತೆ ಒಳಗೆ ಹೋದದ್ದೇ ತಡ, ಗಂಡನನ್ನು ಎಳೆದುಕೊಂಡು ಗೇಟಿಗೆ ಓಡಿದೆ. ಒಂದೇ ಉದ್ದದ ಎರಡು ಕೋಲು ತೆಗೆದುಕೊಂಡೆವು. ಅವರು ಒಂದನ್ನು ಹಿಡಿದು ಮೇಲೆ ನಿಂತರು, ನಾನು ಇನ್ನೊಂದರ ತುದಿಯಿಂದ ಅವರ ಕೋಲಿನ ತುದಿಯನ್ನು ನೋಡಿದೆ. ಆರು ಡಿಗ್ರಿ. ಇನ್ನೊಂದು ಕಡೆ ಐದೂವರೆ, ಮತ್ತೊಂದು ಕಡೆ ಆರು.

"ಇದೆಂತದು ಮಾರಾಯ್ತಿ, ರಸ್ತೇಲಿ ನಿಂತ್ಕೊಂಡು?" ಅಂದರು ಗಂಡ. ಹಾದುಹೋಗುವ ಜೀಪಿನವರೆಲ್ಲ ಅವರನ್ನು ನೋಡಿ ಹಾರ್ನ್ ಹೊಡೆಯುತ್ತಿದ್ದರು.

"ನಿಮ್ಮಮ್ಮನ ಮಂಡಿ ಅಳೀತಿದ್ದೀನಿ. ಅಲುಗಾಡ್ಬೇಡಿ."

ಆಮೇಲೆ ಮೇಲಿನ ತಟ್ಟಿನ ಹಳೆಯ ದಾರಿ ಅಳೆದೆವು. ಮೂವತ್ತು ಡಿಗ್ರಿಯ ಏರು, ಇಳಿಜಾರಿನ ಉದ್ದ ಅರವತ್ತಡಿ. ಮೂವತ್ತರ ಸೈನ್ ಅರ್ಧ, ಆದ್ದರಿಂದ ತಟ್ಟಿನ ಎತ್ತರ ಮೂವತ್ತಡಿ. ಪುಸ್ತಕದ ಲೆಕ್ಕದಷ್ಟು ಸಲೀಸಾಗಿ ನನ್ನ ಜೀವನದಲ್ಲಿ ಬಂದ ಉತ್ತರ ಅದೊಂದೇ. ಇನ್ನು ಆರು ಡಿಗ್ರಿಯ ಸೈನ್ ಹತ್ತರಲ್ಲಿ ಒಂದು ಪಾಲಿನ ಹತ್ತಿರ. ಹತ್ತಡಿ ನಡೆದರೆ ಒಂದಡಿ ಏರುತ್ತೇವೆ. ಮೂವತ್ತಡಿ ಏರಬೇಕಾದರೆ ಮುನ್ನೂರಡಿ ನಡೆಯಬೇಕು. ದಿಬ್ಬದ ಮೈಮೇಲೆ ಅಡ್ಡಡ್ಡ ಹೋಗಿ, ತಿರುಗಿ, ಮತ್ತೆ ಅಡ್ಡ ಬಂದು, ಕಾಫಿ ಗಿಡಗಳ ನಡುವೆ ಹಾವಿನ ಹಾಗೆ ಹರಿದುಹೋಗುವ ಒಂದು ಕಾಲುದಾರಿ.

ಅದನ್ನು ಗುರುತು ಮಾಡಲು ಗಂಡನಿಗೂ ನನಗೂ ಒಂದು ವಾರ ಹಿಡಿಯಿತು, ಆ ವಾರದಲ್ಲಿ ನಾವು ಆಡಿದ ಜಗಳ ಒಂದು ಸಂಸಾರಕ್ಕೆ ಧಾರಾಳವಾಗಿ ಸಾಕು. ನನ್ನ ಆರು ಡಿಗ್ರಿ ಎಲ್ಲಿ ಹೋದರೂ ಅಲ್ಲೊಂದು ಕಾಫಿ ಗಿಡ ಅಡ್ಡ ಬರುತ್ತಿತ್ತು, ಅಲ್ಲೊಬ್ಬ ಗಂಡ ಆ ಗಿಡವನ್ನು ಅಪ್ಪಿ ಹಿಡಿದುಕೊಂಡು ನಿಂತಿರುತ್ತಿದ್ದರು. "ಇದು ನಮ್ಮಪ್ಪ ನೆಟ್ಟಿದ್ದು ಕಣೇ." ಸರಿ, ಬಿಟ್ಟೆ. "ಇದು ಭಾರಿ ಕಾಯಿ ಕಚ್ತದೆ." ಅದನ್ನೂ ಬಿಟ್ಟೆ. ಮೂರನೆಯದಕ್ಕೂ ಬಾಯಿ ತೆಗೆದಾಗ, "ಗಿಡ ಬೇಕಾ, ಅಮ್ಮ ಬೇಕಾ?" ಎಂದು ಕಿರುಚಿದೆ. ಪಾಪ, ತಕ್ಷಣ ಬಿಟ್ಟುಕೊಟ್ಟರು. ಎರಡನೆಯ ತಿರುವಿನ ಹತ್ತಿರ ಮಾತ್ರ ದೊಡ್ಡ ಬಂಡೆ ಸಿಕ್ಕಿತು. ಅದರ ಜೊತೆ ಜಗಳ ಆಡಲಾಗಲಿಲ್ಲ. ಬಂಡೆ ಸುತ್ತಿ ಹೋಗುವಾಗ ಸ್ವಲ್ಪ ದೂರ ಏರು ಎಂಟು ಡಿಗ್ರಿ ಆಯಿತು. ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಸುಮ್ಮನಾದೆ.

ಅತ್ತೆಗೆ ಇದು ಯಾರಿಗಾಗಿ ಎಂದು ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಬೇಡ ಅನ್ನುತ್ತಿದ್ದರು. ಅವರಿಗಾಗಿ ಏನಾದರೂ ಮಾಡಿದ್ದೇವೆಂದು ತಿಳಿದರೆ ಆಗದು, ಮಾಡದಿದ್ದರೂ ಆಗದು. ಆಳುಗಳು ದಾರಿ ಕಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿದರು: "ಎಂತ ಅದು?"

"ಕಾಫಿ ಮೂಟೆ ತಳ್ಳುಗಾಡೀಲಿ ತರೋಕೆ ಅತ್ತೆ, ದಾರಿ" ಅಂದೆ.

"ಮೂಟೆ ಜೀಪಲ್ಲಿ ಬರ್ತದಲ್ಲ."

"ಒಂದೊಂದು ಸಲ ಜೀಪ್ ಸಿಗಲ್ಲ ನೋಡಿ."

ಅವರು ದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಿನಲ್ಲೇ ನಡೆದು ನೋಡಿದರು. "ಅಲ್ಲಿಂದ ಇಲ್ಲಿಗೆ ಇಳ್ಸೋಕೆ ಊರು ಸುತ್ತಿ ಬರ್ಬೇಕಾ? ಮೂಟೆಗೇನು ಮಂಡಿನೋವಾ?"

ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಮಳೆಗಾಲ ಬರುವ ಮೊದಲು ಮೇಲೆ ಕಣದ ಕಾಂಕ್ರೀಟ್ ಮುಗಿಯಿತು. ಮಳೆ ಬಂತು, ಹೋಯಿತು. ದಾರಿಯ ಮೇಲೆ ಹುಲ್ಲು ಬೆಳೆಯಿತು, ಗಂಡ ಕೆರೆಸಿದರು, ಮತ್ತೆ ಬೆಳೆಯಿತು. ಅಷ್ಟೂ ತಿಂಗಳು ಅತ್ತೆ ಒಂದು ದಿನವೂ ಆ ದಾರಿಯ ಮೇಲೆ ಕಾಲಿಡಲಿಲ್ಲ. ಕೆಳಗಿನ ಜಾಗದಲ್ಲಿ ಬದನೆ ಗಿಡ ಹಾಕಿಕೊಂಡರು. ನಾನೂ ಕರೆಯಲಿಲ್ಲ. ಕರೆದರೆ ಬರುವುದಿಲ್ಲ ಎಂಬುದು ಗೊತ್ತಿತ್ತು, ಕರೆಯದಿದ್ದರೆ ಬರುತ್ತಾರೋ ಎಂಬುದು ಗೊತ್ತಿರಲಿಲ್ಲ.

ಜನವರಿಯಲ್ಲಿ ಮೊದಲ ಕುಯ್ಲಿನ ಹಣ್ಣು ಕಣಕ್ಕೆ ಬಂತು. ಭಾನುವಾರ, ನನಗೆ ರಜೆ. ಬೆಳಿಗ್ಗೆಯೇ ಗಂಡ, ನಾನು, ಇಬ್ಬರು ಆಳುಗಳು ಮೇಲೆ ಹೋಗಿ ಹರಡಿದೆವು. ಎಂಟು ಗಂಟೆಗೆಲ್ಲ ಬಿಸಿಲು ಕಣದ ಮೇಲಿತ್ತು. ಕೆಳಗೆ ಅಡುಗೆಮನೆಯ ಹಿಂದೆ ಅತ್ತೆಯ ಬದನೆ ಗಿಡಗಳು ಇನ್ನೂ ಗುಡ್ಡದ ನೆರಳಿನಲ್ಲಿ ಮಂಜು ಕುಡಿಯುತ್ತಿದ್ದವು. ನನ್ನ ಲೆಕ್ಕ ಸರಿಯಾಗಿತ್ತು. ಅದನ್ನು ನೋಡಿ ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಒಂಬತ್ತಾಯಿತು. ಗಂಡ ಕೆಳಗೆ ನೋಡುತ್ತಿದ್ದರು, ನೋಡದವರ ಹಾಗೆ. ನಾನು ಕಾಲಿನಿಂದ ಸಾಲು ಹೊಡೆಯುತ್ತಿದ್ದೆ, ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಹತ್ತಾಯಿತು. ಆಳುಗಳು ಕಾಫಿ ಕುಡಿಯಲು ಕೂತರು. ನಾನೂ ಲೋಟ ಎತ್ತಿಕೊಂಡೆ, ಆಗ ಕೆಳಗೆ ಕಾಫಿ ಗಿಡಗಳ ಮೇಲೆ ಒಂದು ಕಪ್ಪು ಕೊಡೆ ಕಂಡಿತು.

ಕೊಡೆ ಎಡಕ್ಕೆ ಹೋಯಿತು. ಗಿಡಗಳ ಹಿಂದೆ ಕಾಣೆಯಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದಿಷ್ಟು ಮೇಲೆ, ಬಲಕ್ಕೆ ಬರುವುದು ಕಂಡಿತು. ಗಂಡ ನನ್ನ ಕೈ ಹಿಡಿದುಕೊಂಡರು. ಎರಡನೆಯ ತಿರುವಿನ ಹತ್ತಿರ ಕೊಡೆ ನಿಂತಿತು. ಬಂಡೆಯ ಪಕ್ಕ ಅದು ಎಷ್ಟು ಹೊತ್ತು ನಿಂತಿತೋ, ನನಗೆ ಒಂದು ಪೀರಿಯಡ್ ಕಳೆದಂತಾಯಿತು. ಆಮೇಲೆ ಮತ್ತೆ ಹೊರಟಿತು.

ಅತ್ತೆ ಮೇಲೆ ಬಂದು ಕೊಡೆ ಮಡಚಿದರು. ಹಣೆಯಲ್ಲಿ ಬೆವರಿತ್ತು, ಮುಖ ಕೆಂಪಾಗಿತ್ತು. ನಮ್ಮ ಯಾರ ಮುಖವನ್ನೂ ನೋಡದೆ ನೇರವಾಗಿ ಕಣಕ್ಕೆ ಹೋಗಿ ಬಗ್ಗಿ ಒಂದು ಹಿಡಿ ಹಣ್ಣು ಎತ್ತಿದರು.

"ಇಷ್ಟು ದಪ್ಪ ಹರಡೋದಾ? ಇದು ಯುಗಾದಿಗೆ ಒಣಗ್ತದೆ." ಚಪ್ಪಲಿ ಕಳಚಿ ಪಾದವನ್ನು ಹಣ್ಣಿನೊಳಗೆ ಇಳಿಸಿ ಎಳೆದರು. ನೆಟ್ಟನೆಯ ಸಾಲು. ಆ ತುದಿಯವರೆಗೆ ಹೋಗಿ, ತಿರುಗಿ, ನನ್ನ ಹತ್ತಿರ ಬಂದು ನಿಂತರು.

"ಆ ಬಂಡೆ ಹತ್ರ ನಿನ್ನ ಲೆಕ್ಕ ಸ್ವಲ್ಪ ತಪ್ಪಿದೆ" ಅಂದರು. "ಅಲ್ಲಿ ಏರು ಜಾಸ್ತಿ. ಮಂಡಿ ಹಿಡ್ಕೊಳ್ತದೆ."

"ಸರಿ ಮಾಡಿಸ್ತೀನಿ ಅತ್ತೆ." ಇಡೀ ತರಗತಿಯನ್ನು ಒಂದೇ ನೋಟದಲ್ಲಿ ಕೂರಿಸುವ ನಾನು ಅವತ್ತು ಆಳುಗಳ ಮುಂದೆ ಸೆರಗಿನಿಂದ ಮೂಗು ಒರೆಸಿಕೊಂಡೆ.

"ಅಳೋದೆಂತಕ್ಕೆ? ಹೋಗು, ನನ್ನ ಕುರ್ಚಿ ತಗೊಂಡು ಬಾ. ನಾಳೆಯಿಂದ ಇಲ್ಲೇ ಇರ್ಲಿ ಅದು."

ಕುರ್ಚಿ ತರಲು ಆಳು ಎದ್ದ. ನೀನು ಕೂರು ಎಂದು ಹೇಳಿ ನಾನೇ ಹೊರಟೆ. ಮುನ್ನೂರಡಿ ಸುತ್ತುವಷ್ಟು ತಾಳ್ಮೆ ಆಗ ಯಾರಿಗಿತ್ತು? ಹಳೆಯ ಮೆಟ್ಟಿಲ ದಾರಿಯಲ್ಲೇ ಧಡಧಡ ಓಡಿ ಇಳಿದೆ.